ಬುಲೆಟಿನ್ ಹೇಳಿದಷ್ಟೇ ಸಾವು

ದೇವರ ಹಿಪ್ಪರಗಿಯಂಥ ತಾಲ್ಲೂಕಿನ ಯಾವುದೋ ಹಳ್ಳಿಯಲ್ಲಿ ವಾರದೊಳಗೆ ಹತ್ತು ಮಂದಿ ಜ್ವರ ಬಂದು ತೀರಿಕೊಂಡರು ಎಂದಿಟ್ಟುಕೊಳ್ಳೋಣ. ಊರಿಗೆಲ್ಲ ಅದು ಗೊತ್ತಿರುತ್ತದೆ. ಆದರೆ ಊರಿಗೆಲ್ಲ ಗೊತ್ತಿದೆ ಎಂಬ ಆಧಾರದ ಮೇಲೆ ವರದಿಗಾರ ಬರೆಯುವಂತಿಲ್ಲ. ಅಧಿಕಾರದಲ್ಲಿರುವವರು ಯಾರಾದರೂ ಹೌದು ಎನ್ನಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಸರ್ಕಾರಿ ನೌಕರರು; ನಡತೆ ನಿಯಮಗಳ ಭಯವಿರುವ ಅವರು ಪತ್ರಿಕೆಯವರ ಮುಂದೆ ಬಾಯಿ ಬಿಡುವುದಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅವರನ್ನು ಕೇಳಿ ಎನ್ನುತ್ತಾರೆ, ಡಿಎಚ್‌ಒ ವರದಿ ಬರಲಿ ಎನ್ನುತ್ತಾರೆ. ಕೊನೆಗೆ ವಿಜಯಪುರದ ವಾರ್ತಾ ಇಲಾಖೆಯಿಂದ ಪ್ರಕಟಣೆ ಬರುತ್ತದೆ: ಪರಿಸ್ಥಿತಿ ಹತೋಟಿಯಲ್ಲಿದೆ, ಸಾರ್ವಜನಿಕರು ಗಾಬರಿಯಾಗಬಾರದು. ಆ ಪ್ರಕಟಣೆ ಹೊರಡಿಸುವ ಇಲಾಖೆಯೇ ಪತ್ರಕರ್ತರಿಗೆ ಮಾನ್ಯತೆ ಕೊಡುತ್ತದೆ, ಪತ್ರಿಕೆಗಳಿಗೆ ಸರ್ಕಾರಿ ಜಾಹೀರಾತನ್ನೂ ಕೊಡುತ್ತದೆ. ಜಿಲ್ಲಾ ಮಟ್ಟದ ಸಣ್ಣ ಪತ್ರಿಕೆಗಳ ಪಾಲಿಗೆ ಆ ಜಾಹೀರಾತೇ ಅನ್ನ. ಈ ಸರಪಳಿಯಲ್ಲಿ ಯಾರೂ ಯಾರಿಗೂ 'ಬರೆಯಬೇಡ' ಎಂದು ಹೇಳಿರುವುದಿಲ್ಲ; ಹೇಳುವ ಅಗತ್ಯವೂ ಬಿದ್ದಿರುವುದಿಲ್ಲ.

ಸರ್ಕಾರ ಸುದ್ದಿಯನ್ನು ಅದುಮುತ್ತದೆ ಎಂದೊಡನೆ ನಮ್ಮ ಕಣ್ಣೆದುರು ಬರುವುದು ತುರ್ತು ಪರಿಸ್ಥಿತಿಯ ಸೆನ್ಸಾರು, ಜೈಲಿಗೆ ಹೋದ ಸಂಪಾದಕರು. ರೋಗದ ಸುದ್ದಿಯ ಮಟ್ಟಿಗೆ ಅದಕ್ಕಿಂತ ಗಟ್ಟಿಯಾದ ಹಿಡಿತ ಬೇರೆಯೇ ಇದೆ. ಎಷ್ಟು ಜನ ಸತ್ತರು ಎಂಬ ಲೆಕ್ಕ ಸರ್ಕಾರದ ಹತ್ತಿರ ಮಾತ್ರ ಇದ್ದು, ಅದನ್ನು ಯಾವಾಗ, ಎಷ್ಟು ಹೊರಗೆ ಬಿಡಬೇಕೆಂಬುದೂ ಅದರದೇ ಇಷ್ಟವಾದರೆ, ಪತ್ರಿಕೆಗೆ ಎಷ್ಟು ಸ್ವಾತಂತ್ರ್ಯ ಕೊಟ್ಟರೂ ಅದು ಬರೆಯುವುದು ಸರ್ಕಾರದ ಅಂಕಿಯನ್ನೇ.

ವಿಜಯಪುರದ ಸೀಮೆಗೆ ಇದು ಹಳೆಯ ಅನುಭವ. 1896ರಲ್ಲಿ ಮುಂಬೈಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೆಲ್ಲ ಮುಂಬೈ ಪ್ರಾಂತ್ಯದ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯಲ್ಲಿದ್ದವು. 1897ರ ಫೆಬ್ರುವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಕಲಮು. ಸರ್ಕಾರ ತನಗೆ ಬೇಕೆನಿಸಿದ ಕ್ರಮ ಕೈಗೊಳ್ಳಬಹುದು, ಆದೇಶ ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ, ಸಾರಾಂಶ ಇಷ್ಟೆ. ಪತ್ರಿಕೆಯ ಮಾತು ಅದರಲ್ಲಿಲ್ಲ. ಆದರೆ ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕತೊಡಗಿದಾಗ ತಿಲಕರ ಕೇಸರಿ ಅದನ್ನು ಕಟುವಾಗಿ ಟೀಕಿಸಿತು. ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು, ಮುಂದಿನ ತಿಂಗಳು ತಿಲಕರ ಬಂಧನವಾಯಿತು, ಸೆಪ್ಟೆಂಬರಿನಲ್ಲಿ 18 ತಿಂಗಳ ಕಠಿಣ ಶಿಕ್ಷೆ. ಮೊಕದ್ದಮೆ ನಡೆದದ್ದು ಶಿವಾಜಿ ಉತ್ಸವದ ಬರಹಗಳ ಮೇಲೆ. ಅದರ ಹಿನ್ನೆಲೆಯಲ್ಲಿದ್ದದ್ದು ಪ್ಲೇಗು. ಹಾಗೆಂದು ತಿಲಕರು ರೋಗ ತಡೆಯುವ ಕೆಲಸಕ್ಕೇ ಅಡ್ಡಬಂದವರಲ್ಲ. ಊರು ಬಿಡದೆ ಪುಣೆಯಲ್ಲೇ ನಿಂತು ಹಿಂದೂ ಪ್ಲೇಗ್ ಆಸ್ಪತ್ರೆಗೆ ನೆರವಾದವರು. ಮರುವರ್ಷವೇ ರಾಜದ್ರೋಹದ ಕಲಮು ಇನ್ನಷ್ಟು ಬಿಗಿಯಾಯಿತು.

ಇಲ್ಲೊಂದು ವಿಚಿತ್ರವಿದೆ. ಸಂಪಾದಕನನ್ನು ಜೈಲಿಗಟ್ಟಿದ ಅದೇ ಆಡಳಿತ ಮುಂಬೈಯ ಸಾವಿನ ಲೆಕ್ಕವನ್ನು ವಾರವಾರವೂ ಪ್ರಕಟಿಸುತ್ತಿತ್ತು. ಮನೆಯವರು ರೋಗ ಮುಚ್ಚಿಡುತ್ತಿದ್ದರು, ಬೇರೆ ಜ್ವರವೆಂದು ಬರೆಸುತ್ತಿದ್ದರು. ಆದರೆ ಹಿಂದಿನ ವರ್ಷಗಳಲ್ಲಿ ಅದೇ ವಾರ ಎಷ್ಟು ಜನ ಸತ್ತಿದ್ದರು ಎಂಬ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಪ್ಲೇಗಿನ ಖಾತೆಗೆ ಬಿದ್ದದ್ದಕ್ಕಿಂತ ಏರಿಕೆ ದೊಡ್ಡದೆಂದು ಕಾಣುತ್ತಿತ್ತು. ಒಟ್ಟು ಸಾವಿನ ಅಂಕಿ ಹೊರಗಿದ್ದದ್ದರಿಂದ ಕಾರಣದ ಖಾತೆಯಲ್ಲಿನ ತಪ್ಪು ಅಡಗಿ ಕೂರಲಿಲ್ಲ. 'ಹೆಚ್ಚುವರಿ ಸಾವು' ಎಂದು ಕೋವಿಡ್ ಕಾಲದಲ್ಲಿ ನಾವು ಹೊಸದಾಗಿ ಕಲಿತ ಲೆಕ್ಕಾಚಾರ ನೂರಿಪ್ಪತ್ತು ವರ್ಷಕ್ಕಿಂತ ಹಳೆಯದು.

2020ರಲ್ಲಿ ಆ ಹಳೆಯ ಕಾಯ್ದೆಯನ್ನೇ ಧೂಳು ಕೊಡವಿ ತೆಗೆಯಲಾಯಿತು. ಮಾರ್ಚ್ 11ರಂದು ಕರ್ನಾಟಕ ಅದರಡಿ ಕೋವಿಡ್ ನಿಯಮಗಳನ್ನು ಹೊರಡಿಸಿತು. ಖಚಿತವಲ್ಲದ ಮಾಹಿತಿಯನ್ನು ಮಾಧ್ಯಮಗಳ ಮೂಲಕ ಹರಡುವುದನ್ನು ಅಪರಾಧವಾಗಿಸಿದ ನಿಯಮವೂ ಅದರಲ್ಲಿತ್ತು. ಅದರ ಹಿಂದಿನ ದಿನವಷ್ಟೇ ನೆರೆಯ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡಿದ್ದರು; ಅದು ದೇಶದ ಮೊದಲ ಕೋವಿಡ್ ಸಾವೆಂದು ಖಚಿತವಾದದ್ದು 12ರಂದು. ತಿಂಗಳ ಕೊನೆಗೆ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ, ತನ್ನ ವ್ಯವಸ್ಥೆಯಲ್ಲಿ ಖಚಿತಪಡಿಸಿಕೊಳ್ಳದೆ ಯಾವ ಮಾಧ್ಯಮವೂ ಕೋವಿಡ್ ಸುದ್ದಿ ಪ್ರಕಟಿಸದಂತೆ ಆದೇಶ ಬೇಡಿತು. ಮಾರ್ಚ್ 31ರಂದು ಕೋರ್ಟು ಮುಕ್ತ ಚರ್ಚೆಗೆ ಅಡ್ಡಿಪಡಿಸುವುದಿಲ್ಲ ಎಂದಿತು. ಜೊತೆಗೆ ಬೆಳವಣಿಗೆಗಳ ಬಗ್ಗೆ ಸರ್ಕಾರದ ಅಧಿಕೃತ ಹೇಳಿಕೆಯನ್ನು ಉಲ್ಲೇಖಿಸಿ ಪ್ರಕಟಿಸಬೇಕೆಂದೂ ಹೇಳಿತು. ಮೇಲ್ನೋಟಕ್ಕೆ ಸಮತೂಕದ ಆದೇಶ. ಆದರೆ ಸರ್ಕಾರದ ಸಂಜೆಯ ಬುಲೆಟಿನ್ನೇ ಮರುದಿನದ ತಲೆಬರಹವಾಗುವುದು ಅಲ್ಲಿಂದಾಚೆಗೆ ವಾಡಿಕೆಯಾಯಿತು. ಬುಲೆಟಿನ್ನು ಏನನ್ನು ಹೇಳಿತು, ಏನನ್ನು ಬಿಟ್ಟಿತು ಎಂಬುದೂ ಗಮನಿಸತಕ್ಕದ್ದು. ಅದೇ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಮನೆಯಲ್ಲೇ ಕ್ವಾರಂಟೈನ್ ಆಗಿದ್ದ ಸಾವಿರಾರು ಜನರ ವಿಳಾಸವನ್ನು ಬಹಿರಂಗಪಡಿಸಿತು. ಮುಚ್ಚಿಡಬೇಕಾದದ್ದು ಬೀದಿಗೆ ಬಂದಿತ್ತು; ಬೀದಿಗೆ ಬರಬೇಕಾದ ಒಟ್ಟು ಸಾವಿನ ತಿಂಗಳ ಲೆಕ್ಕ ಕಡತದಲ್ಲೇ ಉಳಿಯಿತು.

ಎರಡನೇ ಅಲೆ ಇದನ್ನೆಲ್ಲ ಬಯಲಿಗೆಳೆಯಿತು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಬೆಳಗಾಗುವ ಹೊತ್ತಿಗೆ 24 ಮಂದಿ ಸತ್ತ ಸುದ್ದಿ. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಆಗಿನ ಆರೋಗ್ಯ ಸಚಿವರು ಹೇಳಿದರು. ಹೈಕೋರ್ಟು ರಚಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡ ನೇತೃತ್ವದ ಸಮಿತಿ ಆ ಮಾತನ್ನು ಒಪ್ಪಲಿಲ್ಲ. ಇಷ್ಟಾದರೂ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಕೊಟ್ಟ ಉತ್ತರ: ಆಮ್ಲಜನಕದ ಕೊರತೆಯಿಂದಲೇ ಸಾವಾಗಿದೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಆ ಉತ್ತರದಲ್ಲಿ ಸುಳ್ಳು ಹುಡುಕುವುದು ಕಷ್ಟ. ರಾಜ್ಯಗಳು ಆ ಶೀರ್ಷಿಕೆಯಡಿ ಬರೆದು ಕಳಿಸಿರಲಿಲ್ಲ, ಅಷ್ಟೇ. ಚಾಮರಾಜನಗರ ಬಯಲಾಗಲು ಒಂದೇ ಕಾರಣ, ಅದು ಒಂದೇ ರಾತ್ರಿ ಒಂದೇ ಸೂರಿನಡಿ ಆಯಿತು. ಸಿಂದಗಿ, ಇಂಡಿ ಕಡೆಯಿಂದ ಗುಳೆ ಹೋಗಿ ಮರಳಿದವರ ಹಳ್ಳಿಗಳಂಥಲ್ಲಿ ಒಬ್ಬೊಬ್ಬರಾಗಿ, ಪರೀಕ್ಷೆಯೂ ಇಲ್ಲದೆ ಮನೆಯಲ್ಲೇ ಸತ್ತವರಿಗೆ ಯಾವ ವಿಚಾರಣಾ ಸಮಿತಿ?

ಇದಕ್ಕೆ ಬರುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕಲಾಗದು. ಲಗಾಮಿಲ್ಲದ ಸುದ್ದಿ ಜನರನ್ನು ಕೊಲ್ಲುತ್ತದೆ ಎನ್ನುವವರ ಕೈಯಲ್ಲಿ ಸಾಕ್ಷ್ಯವಿದೆ. 1897ರಲ್ಲಿ ಗೋಖಲೆಯಂಥ ಗೋಖಲೆಯವರೇ ಇಂಗ್ಲೆಂಡಿನಲ್ಲಿದ್ದಾಗ ಪುಣೆಯ ಸೈನಿಕರ ಮೇಲೆ ಮಾಡಿದ ಆರೋಪವನ್ನು ಸಾಬೀತು ಮಾಡಲಾಗದೆ ಕ್ಷಮೆ ಕೇಳಬೇಕಾಯಿತು. 2020ರ ಏಪ್ರಿಲಿನಲ್ಲಿ ನಮ್ಮ ಕೆಲವು ವಾಹಿನಿಗಳು ರೋಗಕ್ಕೆ ಧರ್ಮದ ಹಣೆಪಟ್ಟಿ ಹಚ್ಚಿ ಕೂಗಿದ್ದನ್ನು ಮರೆಯುವಂತಿಲ್ಲ; ಆ ಕೂಗಾಟವನ್ನು ಪತ್ರಿಕಾ ಸ್ವಾತಂತ್ರ್ಯದ ಹೆಸರಲ್ಲಿ ಸಮರ್ಥಿಸಲು ನನಗೆ ಮನಸ್ಸಿಲ್ಲ. ಆದರೆ ಈ ಎರಡೂ ಪ್ರಸಂಗಗಳು ಹೇಳುವುದೇನು? ಗೋಖಲೆಯವರಿಗೆ ಪುಣೆಯಿಂದ ಬಂದದ್ದು ಪತ್ರಗಳು. ಪರಿಶೀಲಿಸಿ ನೋಡಲು ತಟಸ್ಥ ದಾಖಲೆ ಇರಲಿಲ್ಲ. ವಾಹಿನಿಗಳ ವಿಷಯದಲ್ಲಂತೂ ಬುಲೆಟಿನ್ನು ವದಂತಿಯನ್ನು ತಡೆಯಲೇ ಇಲ್ಲ. ದೆಹಲಿಯ ಒಂದು ಸಭೆಗೆ ಹೋಗಿಬಂದವರ ಲೆಕ್ಕವನ್ನು ಪ್ರತ್ಯೇಕವಾಗಿ ಸಾರಿ ಕೂಗಾಟಕ್ಕೆ ಸರಕು ಒದಗಿಸಿದ್ದೂ ಅಧಿಕೃತ ಮೂಲಗಳೇ. ಚೀನಾದ ವುಹಾನಿನಲ್ಲಿ ಸಹೋದ್ಯೋಗಿಗಳನ್ನು ಎಚ್ಚರಿಸಿದ ವೈದ್ಯ ಲಿ ವೆನ್‌ಲಿಯಾಂಗ್ ಅವರಿಂದ 2020ರ ಜನವರಿ 3ರಂದು ಪೊಲೀಸರು ಮುಚ್ಚಳಿಕೆ ಬರೆಸಿಕೊಂಡದ್ದೂ ವದಂತಿ ತಡೆಯುವ ಹೆಸರಿನಲ್ಲೇ.

ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು: ಇದು ಮುಚ್ಚಿಡುವಿಕೆಯಲ್ಲ, ಅಶಕ್ತಿ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ಕಾರಣವನ್ನು ವೈದ್ಯರು ದೃಢೀಕರಿಸಿದ್ದು ಶೇ 22.5ರಷ್ಟಕ್ಕೆ ಮಾತ್ರ. ಯಾರು ಯಾವ ರೋಗದಿಂದ ಸತ್ತರೆಂದು ಸರ್ಕಾರಕ್ಕೇ ತಿಳಿಯದಿರುವಾಗ ಅದು ಹೇಳುವುದಾದರೂ ಏನನ್ನು? ಒಪ್ಪುವ ಮಾತು. ಆದರೆ ಕಾರಣ ತಿಳಿಯದಿದ್ದರೂ ಸತ್ತವರ ಒಟ್ಟು ಸಂಖ್ಯೆ ತಿಳಿದಿರುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವನ್ನು 21 ದಿನದೊಳಗೆ ತಿಳಿಸಬೇಕು. ಕರ್ನಾಟಕದಲ್ಲಿ ಅದು ಇ-ಜನ್ಮ ತಂತ್ರಾಂಶಕ್ಕೆ ಏರುತ್ತದೆ. ಅಂದರೆ ತಾಲ್ಲೂಕುವಾರು, ತಿಂಗಳುವಾರು ಅಂಕಿ ಗುಂಡಿ ಒತ್ತಿದರೆ ಸಿಗುವಂಥದ್ದು. ಖಾಸಗಿತನದ ನೆಪವೂ ಇಲ್ಲಿ ನಿಲ್ಲದು. ದಾಖಲೆಯನ್ನು ಹುಡುಕಿಸಿ ನಕಲು ಪಡೆಯಲು ಅದೇ ಕಾಯ್ದೆಯ 17ನೇ ಕಲಮು ಯಾರಿಗಾದರೂ ಅವಕಾಶ ಕೊಡುತ್ತದೆ, ಸಾವಿನ ಕಾರಣವನ್ನು ಮಾತ್ರ ತೋರಿಸುವಂತಿಲ್ಲ. ಹೆಸರಿಲ್ಲದ ಬರಿಯ ಮೊತ್ತದಿಂದ ಯಾವ ಮನೆಯ ಗುಟ್ಟು ರಟ್ಟಾಗುತ್ತದೆ? ಏಪ್ರಿಲಿನಲ್ಲಿ ಇಷ್ಟು, ಮೇನಲ್ಲಿ ಅದರ ಎರಡು ಪಟ್ಟು ಎಂದು ಜಾಲತಾಣದಲ್ಲಿ ಕಂಡರೆ ದೇವರ ಹಿಪ್ಪರಗಿಯ ವರದಿಗಾರನಿಗೆ ಡಿಎಚ್‌ಒ ಬಾಯಿ ಬಿಡುವುದನ್ನು ಕಾಯುವ ಕೆಲಸವಿರುವುದಿಲ್ಲ.

ಲೆಕ್ಕ ತಡವಾದರೆ ಆಗುವ ನಷ್ಟ ಪತ್ರಿಕೆಗಳದಷ್ಟೇ ಅಲ್ಲ. ಭಾರತದಲ್ಲಿ 2020-21ರ ಎರಡು ವರ್ಷಗಳಲ್ಲಿ 47 ಲಕ್ಷ ಹೆಚ್ಚುವರಿ ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇನಲ್ಲಿ ಅಂದಾಜಿಸಿದಾಗ, ಅದು ಬರಿಯ ಗಣಿತದ ಮಾದರಿ ಎಂದು ಕೇಂದ್ರ ತಳ್ಳಿಹಾಕಿತು. ಅಧಿಕೃತ ಸಂಖ್ಯೆ 4.8 ಲಕ್ಷ. ಮಾದರಿಯ ಬಗ್ಗೆ ತಕರಾರು ತೆಗೆಯಲು ಜಾಗವಿತ್ತು, ನಿಜ. ನೈಜ ನೋಂದಣಿಯ ಅಂಕಿ ಮುಂದಿಟ್ಟಿದ್ದರೆ ತಕರಾರು ಅಲ್ಲೇ ಇತ್ಯರ್ಥವಾಗಬಹುದಿತ್ತು. ಆದರೆ 2021ರ ನೋಂದಣಿ ವರದಿ ಹೊರಬಂದದ್ದು 2025ರ ಮೇನಲ್ಲಿ. ಅದರ ಪ್ರಕಾರ 2020ರಲ್ಲಿ ಸುಮಾರು 81 ಲಕ್ಷವಿದ್ದ ಸಾವು 2021ರಲ್ಲಿ 1.02 ಕೋಟಿಗೆ ಏರಿತ್ತು. ಆ ವರ್ಷದ ಅಧಿಕೃತ ಕೋವಿಡ್ ಸಾವು ಸುಮಾರು 3.3 ಲಕ್ಷ. ನೋಂದಣಿ ಸುಧಾರಿಸಿದ್ದರಿಂದಲೂ ಒಂದಿಷ್ಟು ಏರಿರಬಹುದು, ಆದರೆ 21 ಲಕ್ಷದ ಜಿಗಿತಕ್ಕೆ ಅದೊಂದೇ ಉತ್ತರವಾಗದು. ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ ₹50,000 ಪರಿಹಾರ ಎಂದು ನಿಗದಿಯಾಗಿತ್ತು. 2022ರ ಮಾರ್ಚ್ 20ಕ್ಕೆ ಮೊದಲು ಸತ್ತವರ ಪರವಾಗಿ ಅರ್ಜಿ ಹಾಕಲು ಸುಪ್ರೀಂ ಕೋರ್ಟು ಕೊಟ್ಟದ್ದು 60 ದಿನ. ಒಟ್ಟು ಸಾವಿನ ಲೆಕ್ಕ ಓದುಗರ ಕೈಗೆ ಬರುವ ಹೊತ್ತಿಗೆ ಆ ಗಡುವು ಮುಗಿದು ಸುಮಾರು ಮೂರು ವರ್ಷವಾಗಿತ್ತು.