ಗ್ರೈಂಡರ್‌ಗಿಂತ ಮೊದಲು ತಕ್ಕಡಿ

ಮಲ್ಪೆಯ ದಕ್ಕೆಗೂ ಹೆಬ್ಬಗೋಡಿಗೂ ಹೆಚ್ಚುಕಡಿಮೆ ನಾನ್ನೂರು ಕಿಲೋಮೀಟರ್ ಅಂತರ. ಆದರೂ ದೋಣಿಯನ್ನು ತಾವೇ ರಿಪೇರಿ ಮಾಡಿಕೊಳ್ಳುವವರು ಹೊಸೂರು ರಸ್ತೆಯ ಈ ಕೈಗಾರಿಕಾ ಪಟ್ಟಿಯಿಂದ ಕಲಿಯಬೇಕಾದ ಪಾಠವೊಂದಿದೆ. ಹೆಬ್ಬಗೋಡಿ, ಬೊಮ್ಮಸಂದ್ರದ ಮಷಿನ್ ಶಾಪುಗಳಲ್ಲಿ ಲೇತು ಎಷ್ಟು ದುಬಾರಿಯದಾದರೂ ಬಿಡಿಭಾಗ ಪಾಸಾಗುವುದು ವರ್ನಿಯರ್, ಗೇಜ್ ಒಪ್ಪಿದ ಮೇಲೆಯೇ. ದೋಣಿಗೆ ಉಪಕರಣ ಕೊಳ್ಳುವವರು ಮಾತ್ರ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಆಂಗಲ್ ಗ್ರೈಂಡರ್, ಆಮೇಲೆ ಡ್ರಿಲ್ಲಿಂಗ್ ಮಷಿನ್; ಅಳೆಯುವ, ಪರೀಕ್ಷಿಸುವ ಸಾಧನಗಳು ಪಟ್ಟಿಯಲ್ಲೇ ಇರುವುದಿಲ್ಲ. ಕೆಡುವ ರಿಪೇರಿಗಳಲ್ಲಿ ಬಹುಪಾಲು ಕೆಡುವುದು ಇಲ್ಲಿಯೇ ಎಂಬುದು ನನ್ನ ವಾದ.

ಫೈಬರ್ ದೋಣಿಯನ್ನೇ ನೋಡಿ. ಅದರ ಹೊರಮೈಯ ಜೆಲ್‌ಕೋಟ್ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಕೈ ಸ್ವಲ್ಪ ವಾಲಿದರೂ ಆ ಪದರ ಹೋಗಿ ಒಳಗಿನ ಗಾಜಿನ ನಾರು ನೀರಿಗೆ ಬಾಯಿ ತೆರೆಯುತ್ತದೆ. ಎಲ್ಲಿ ಉಜ್ಜಬೇಕು ಎಂದು ಹೇಳುವುದು ಒಂದು ಸಣ್ಣ ಸುತ್ತಿಗೆ: ಹಿಡಿಯಿಂದ ಮೈಯುದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಬೊದ್ದು ಸದ್ದು ಮಾಡುತ್ತದೆ. ಗುರುತು ಹಾಕಿಕೊಂಡ ಮೇಲೆ ಕೆರೆಯುವ ಪಟ್ಟಿ, ಉಪ್ಪು ಕಾಗದ, ಬೇಕಿದ್ದರೆ ಆರ್ಬಿಟಲ್ ಸ್ಯಾಂಡರ್; ಗಾಜಿನ ದೂಳಿಗೆ ಮಾಸ್ಕ್ ಕಡ್ಡಾಯ. ರೆಸಿನ್ ಬೆರೆಸುವಾಗಲೂ ಅಳತೆಯೇ ಮುಖ್ಯ. ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡನರ್ ಸಾಮಾನ್ಯವಾಗಿ ನೂರು ಗ್ರಾಂಗೆ ಒಂದೆರಡು ಗ್ರಾಂ. ಹೆಚ್ಚಾದರೆ ಕಾದು ಬಿರುಕು ಬಿಡುತ್ತದೆ, ಕಡಿಮೆಯಾದರೆ ಅಂಟಂಟಾಗಿಯೇ ಉಳಿಯುತ್ತದೆ. ಕಣ್ಣಂದಾಜಿಗೆ ಇಲ್ಲಿ ಜಾಗವಿಲ್ಲ. ಚಿನ್ನದಂಗಡಿಯವರ ಮಾದರಿಯ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. (ಕೋಬಾಲ್ಟ್ ಆಕ್ಸಿಲರೇಟರನ್ನೂ ಹಾರ್ಡನರನ್ನೂ ರೆಸಿನ್ ಇಲ್ಲದೆ ನೇರವಾಗಿ ಬೆರೆಸಿದರೆ ಸಿಡಿಯಬಹುದು. ಈ ಎಚ್ಚರಿಕೆ ಡಬ್ಬಿಯ ಮೇಲಷ್ಟೇ ಅಲ್ಲ, ಶೆಡ್ಡಿನ ಗೋಡೆಯ ಮೇಲೂ ಇರಬೇಕು.) ಕರಾವಳಿಯಲ್ಲಿ ಇನ್ನೊಂದು ತೊಡಕು. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ರಿಪೇರಿಗೆ ಬಿಡುವು ಸಿಗುವುದು ಆಗಲೇ, ರೆಸಿನ್ನಿಗೆ ಹಗೆಯಾದ ತೇವ ತುಂಬಿರುವುದೂ ಆಗಲೇ. ಗಾಳಿಯ ತೇವ ತೋರಿಸುವ ಅಗ್ಗದ ಮೀಟರು ಇಂಥ ಹೊತ್ತಿನಲ್ಲಿ ಯಾವ ಪವರ್ ಟೂಲ್‌ಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಾರ್ಖಾನೆಯ ಎಲ್ಲ ಅಭ್ಯಾಸವೂ ದೋಣಿಗೆ ಒಗ್ಗುವುದಿಲ್ಲ ಎಂಬುದೂ ನಿಜ. ಅಸೆಂಬ್ಲಿ ಲೈನಿನ ಇಂಪ್ಯಾಕ್ಟ್ ಗನ್ನಿನಿಂದ ಸ್ಟೇನ್‌ಲೆಸ್ ನಟ್ಟು ಬಿಗಿದರೆ ಥ್ರೆಡ್ಡುಗಳು ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚಲು ಬಾರದಂತಾಗಬಹುದು. ಅಲ್ಲಿ ಗ್ರೀಸ್ ಸವರಿ ರಿಂಗ್ ಸ್ಪ್ಯಾನರ್ ಹಿಡಿದು ನಿಧಾನವಾಗಿ ಬಿಗಿಯುವುದೇ ಸರಿ. ಕಬ್ಬಿಣದ ತಂತಿ ಬ್ರಷ್ಷು ಸ್ಟೇನ್‌ಲೆಸ್ ಮೇಲೆ ಕಬ್ಬಿಣದ ಕಣ ಉಳಿಸುತ್ತದೆ, ತುಕ್ಕು ಅಲ್ಲಿಂದ ಶುರು. ತಾನು ಸವೆದು ಉಳಿದ ಲೋಹವನ್ನು ಕಾಯುವ ಸತುವಿನ ಗಟ್ಟಿಗೆ ಪೇಂಟು ಬಳಿದರೆ ಅದು ಇದ್ದೂ ಇಲ್ಲದಂತೆ. ಅರ್ಧ ಕರಗಿದಾಗ ಬದಲಿಸಬೇಕು, ಅರ್ಧವೆಂದು ತಿಳಿಯಲು ಮತ್ತೆ ತಕ್ಕಡಿಯೇ ಬೇಕು. ಒದ್ದೆ ನೆಲದಲ್ಲಿ 230 ವೋಲ್ಟಿನ ವಯರ್ ಎಳೆದಾಡುವುದಕ್ಕಿಂತ ಬ್ಯಾಟರಿ ಡ್ರಿಲ್ಲು ಮೇಲು. ವಯರ್ ಬೇಕೇ ಬೇಕೆಂದರೆ ಕರೆಂಟು ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು.

ಇದೆಲ್ಲ ಪುರಸೊತ್ತಿದ್ದವರ ಮಾತು ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ನಿಷೇಧದ ರಜೆಯೂ ಇಲ್ಲ. ದೋಣಿ ದಡದಲ್ಲಿ ಕೂತ ದಿನ ಸಂಪಾದನೆ ಇಲ್ಲ. ಗ್ರೈಂಡರ್ ಒಂದು ದಿನದ ಕೆಲಸವನ್ನು ಒಂದು ಗಂಟೆಗೆ ಇಳಿಸುತ್ತದೆ ಎಂದರೆ ಯಾರು ಬೇಡವೆಂದಾರು? ಆದರೆ ತಟ್ಟಿ ನೋಡಲು, ತೂಗಿ ಬೆರೆಸಲು ಹಿಡಿಯುವುದು ಅರ್ಧ ಗಂಟೆ. ಅಂಟದೆ ಉಳಿದ ತೇಪೆಯನ್ನು ಕಿತ್ತು ಮತ್ತೆ ಹಾಕಲು ಇಡೀ ದಿನ ಹೋಗುತ್ತದೆ. ದುಡ್ಡಿನ ಲೆಕ್ಕದಲ್ಲೂ ತಕ್ಕಡಿ, ತೇವದ ಮೀಟರು, ವಯರಿಂಗ್ ಪರೀಕ್ಷಿಸುವ ಮಲ್ಟಿಮೀಟರು ಮೂರೂ ಸೇರಿ ಒಂದು ಒಳ್ಳೆಯ ಬ್ಯಾಟರಿ ಡ್ರಿಲ್ಲಿನಷ್ಟು ಆಗುವುದಿಲ್ಲ. ದೊಡ್ಡ ಟ್ರಾಲ್ ಬೋಟುಗಳ ಮಾತು ಬೇರೆ, ಅವುಗಳ ಎಲ್ಲ ಕೆಲಸ ಮಾಲೀಕನ ಕೈಗೆ ಹತ್ತುವಂಥದ್ದಲ್ಲ. ಪ್ರೊಪೆಲ್ಲರ್ ಶಾಫ್ಟ್ ಸೊಟ್ಟಗಾಗಿದೆಯೇ ಎಂದು ಡಯಲ್ ಗೇಜ್ ಇಟ್ಟು ಆತ ತಾನೇ ನೋಡಿಕೊಳ್ಳಬಹುದು. ನೆಟ್ಟಗೆ ಮಾಡುವ ಕೆಲಸವನ್ನು ಪ್ರೆಸ್ಸು, ಲೇತು ಇರುವ ಯಾರ್ಡಿಗೇ ಬಿಡಬೇಕು.