ಲ್ಯಾಪ್‌ಟಾಪಿನ ಬಿಸಿಗೆ ದಾರಿ ಬಿಡಿ

ಕೊಳ್ಳೇಗಾಲ ಸೀಮೆಯ ಸತ್ತೇಗಾಲದ ಪಕ್ಕದಲ್ಲೇ ಕಾವೇರಿ ಕವಲೊಡೆದು ಧುಮುಕುತ್ತದೆ. ಆ ನೀರಿನ ಬಲದಿಂದ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಲುಪಿತು. ದಾರಿಯಲ್ಲಿ ತಂತಿ ಬಿಸಿಯಾಗಿ ವಿದ್ಯುತ್ ಪೋಲಾಗುವುದನ್ನು ತಗ್ಗಿಸಲು ವೋಲ್ಟೇಜ್ ಏರಿಸಿ ಕಳಿಸಬೇಕಾಯಿತು. ಕರೆಂಟು ಹರಿದಲ್ಲೆಲ್ಲ ಬಿಸಿ ಇದ್ದೇ ಇರುತ್ತದೆ. ಲ್ಯಾಪ್‌ಟಾಪಿನ ಚಿಪ್ 30 ವಾಟ್ ಉಂಡರೆ ಹೆಚ್ಚುಕಡಿಮೆ ಆ 30 ವಾಟೂ ಶಾಖವಾಗಿಯೇ ಹೊರಬೀಳುತ್ತದೆ, ಅದೂ ಉಗುರಿನಷ್ಟು ಜಾಗದಿಂದ.

ಆ ಶಾಖವನ್ನು ಸಾಗಿಸುವುದು ಹೀಟ್ ಪೈಪ್ ಎಂಬ ಚಪ್ಪಟೆ ತಾಮ್ರದ ಕೊಳವೆ. ಗಾಳಿ ತೆಗೆದು ಮುಚ್ಚಿದ ಅದರೊಳಗೆ ತೊಟ್ಟು ನೀರಿರುತ್ತದೆ. ಚಿಪ್ಪಿನ ಕಡೆ ನೀರು ಆವಿಯಾಗುತ್ತದೆ. ಆ ಆವಿ ಫ್ಯಾನಿನ ಕಡೆ ತಣಿದು ನೀರಾಗಿ, ಒಳಗೋಡೆಯ ಸಣ್ಣ ರಂಧ್ರಗಳ ಮೂಲಕ ವಾಪಸು ಬರುತ್ತದೆ. ಕೊಳ್ಳೇಗಾಲ ಸೀಮೆಯ ರೇಷ್ಮೆ ಬೆಳೆಗಾರರು ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವುದೂ ಇದೇ ತತ್ವದ ಮೇಲೆ: ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ವ್ಯತ್ಯಾಸವಿದೆ. ಗೋಣಿಯ ನೀರು ಬಯಲಿಗೆ ಹೋಗುವುದರಿಂದ ಕೋಣೆ ಹೊರಗಿನ ಗಾಳಿಗಿಂತ ತಂಪಾಗಬಲ್ಲದು. ಹೀಟ್ ಪೈಪಿನ ನೀರು ಒಳಗೇ ಸುತ್ತುವುದರಿಂದ ಚಿಪ್ ಕೋಣೆಯ ಗಾಳಿಗಿಂತ ತಂಪಾಗಲಾರದು. ಚಿಪ್ ಗಾಳಿಗಿಂತ 60 ಡಿಗ್ರಿ ಹೆಚ್ಚು ಕಾಯುವಷ್ಟು ಕೆಲಸವಿದೆ ಎನ್ನಿ. ಕೋಣೆ 25 ಡಿಗ್ರಿ ಇದ್ದಾಗ ಅದು 85ಕ್ಕೆ ನಿಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನದ 37ರಲ್ಲಿ 97! ಬಹಳಷ್ಟು ಚಿಪ್‌ಗಳು 95ರಿಂದ 100ರ ಹೊತ್ತಿಗೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಆನ್‌ಲೈನ್ ಪಾಠ ತಡವರಿಸುವುದಕ್ಕೆ ಎಷ್ಟೋ ಸಲ ನೆಟ್‌ವರ್ಕಲ್ಲ, ಈ ಬಿಸಿಯೇ ಕಾರಣ.

ಹೆಚ್ಚಿನ ಲ್ಯಾಪ್‌ಟಾಪ್‌ಗಳು ಗಾಳಿ ಎಳೆದುಕೊಳ್ಳುವುದು ತಳದಿಂದ. ಹಾಸಿಗೆಯ ಮೇಲಿಟ್ಟರೆ ಆ ಕಿಂಡಿಯೇ ಮುಚ್ಚಿಹೋಗುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿದರೂ ಸಾಕು, ಎಷ್ಟೋ ಉಸಿರಾಡುತ್ತದೆ. ಮರದ ತುಂಡೂ ನಡೆಯುತ್ತದೆ, ಕಿಂಡಿಗೆ ಅಡ್ಡ ಬರಬಾರದಷ್ಟೆ. ಫ್ಯಾನ್ ಇರುವ ಕೂಲಿಂಗ್ ಸ್ಟ್ಯಾಂಡ್ ಆಮೇಲಿನ ಮಾತು. ಯುಎಸ್‌ಬಿಯಿಂದ ಓಡುವ ಆ ಫ್ಯಾನ್‌ಗಳ ಶಕ್ತಿ ಸಾಮಾನ್ಯವಾಗಿ ಎರಡು-ಮೂರು ವಾಟ್ ಮಾತ್ರ; ಅವುಗಳ ಗಾಳಿ ತಳದ ಕಿಂಡಿಗೆ ನೇರವಾಗಿ ಬೀಳದಿದ್ದರೆ ದುಡ್ಡು ದಂಡ. ಅದಕ್ಕೂ ಮೊದಲು ಒಳಗಿನ ಧೂಳು ತೆಗೆಸಿ. ರಸ್ತೆ ಬದಿಯ ಮನೆ, ಅಂಗಡಿಗಳಲ್ಲಿ ಫ್ಯಾನಿನ ಮುಂದಿನ ತಾಮ್ರದ ರೆಕ್ಕೆಗಳ ನಡುವೆ ಧೂಳು ಹತ್ತಿಯ ಪದರದಂತೆ ಕೂರುತ್ತದೆ. ಹಳೆಯ ಯಂತ್ರವಾದರೆ ಚಿಪ್ಪಿನ ಮೇಲೆ ಒಣಗಿದ ಥರ್ಮಲ್ ಪೇಸ್ಟನ್ನೂ (ಶಾಖ ದಾಟಿಸುವ ಲೇಪ) ಬದಲಾಯಿಸಲು ಹೇಳಿ.

ಇನ್ನು ಸಾಫ್ಟ್‌ವೇರ್. ವಿಂಡೋಸ್‌ಗೆ ನೋಟ್‌ಬುಕ್ ಫ್ಯಾನ್‌ಕಂಟ್ರೋಲ್, ಆಪಲ್ ಯಂತ್ರಗಳಿಗೆ ಮ್ಯಾಕ್ಸ್ ಫ್ಯಾನ್ ಕಂಟ್ರೋಲ್, ಲಿನಕ್ಸ್ ಹಾಕಿದ ಥಿಂಕ್‌ಪ್ಯಾಡ್‌ಗಳಿಗೆ ಥಿಂಕ್‌ಫ್ಯಾನ್ ಇವೆ. ಯಾವ ಬಿಸಿಗೆ ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕೆಂದು ಇವುಗಳಲ್ಲಿ ನಿಗದಿ ಮಾಡಬಹುದು. ಆದರೆ ನಿಮ್ಮ ಮಾದರಿಗೆ ಹೊಂದದ ಸೆಟ್ಟಿಂಗ್ ಹಾಕಿದರೆ ಫ್ಯಾನ್ ನಿಂತೇಹೋಗಬಹುದು. ಕಂಪನಿಯೇ ಕೊಟ್ಟ ಆಪ್ ಇದ್ದರೆ ಅದೇ ಕ್ಷೇಮ. ನನ್ನ ಒಲವು ಫ್ಯಾನ್ ಓಡಿಸುವುದಕ್ಕಿಂತ ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡುವ ಕಡೆಗೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿದರೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ ಎಂಬ ಹೆಚ್ಚುವರಿ ವೇಗ ನಿಲ್ಲುತ್ತದೆ. ಪಾಠ ಕೇಳಲು, ಟೈಪ್ ಮಾಡಲು ಆ ವೇಗ ಬೇಕಿಲ್ಲ.

ಬಿಸಿಯಿಂದ ಬೇಗ ಮುಪ್ಪಾಗುವುದು ಬ್ಯಾಟರಿ. ಅದು ಊದಿಕೊಂಡು ತಳ ಉಬ್ಬಿದಂತೆ ಅಥವಾ ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಒತ್ತಿ ಕೂರಿಸಬೇಡಿ, ಚುಚ್ಚಬೇಡಿ. ಚಾರ್ಜರ್ ಕಿತ್ತು, ಯಂತ್ರ ಆಫ್ ಮಾಡಿ, ಅವತ್ತೇ ರಿಪೇರಿಯವರಿಗೆ ತೋರಿಸಿ.