ಕತ್ತಿ ಹಿಡಿಯದ ವೀರ

ಕ್ರೈಸ್ತ ನಂಬಿಕೆಯಲ್ಲಿ ವೀರ ಯಾರು?

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜನಕ್ಕೆ
ವೀರಗಲ್ಲು ಹೊಸದಲ್ಲ.
ದನ ಕಾಯುತ್ತ, ಊರು ಉಳಿಸುತ್ತ
ಜೀವ ಕೊಟ್ಟವನ ಕಲ್ಲು ಅದು.

ಯೇಸುವಿನ ಶಿಲುಬೆಯೂ ಅಂಥದ್ದೇ ವೀರಗಲ್ಲು.
ಅಲ್ಲಿ ಕತ್ತಿ ಮಾತ್ರ ಇಲ್ಲ.
ಕೊಂದವರನ್ನೂ ಕ್ಷಮಿಸಿದವನೇ ಅಲ್ಲಿ ವೀರ.

ಕತ್ತಿ ಇಲ್ಲದ ಇಂಥದ್ದೇ ಶೌರ್ಯ ಮಂಗಳೂರಿನ ಕಂಕನಾಡಿಯಲ್ಲಿ ಕಾಣಿಸಿತು.
ಜರ್ಮನಿಯಲ್ಲಿ ಹುಟ್ಟಿದ ಪಾದ್ರಿ ಆಗಸ್ಟಸ್ ಮುಲ್ಲರ್
1880ರಲ್ಲಿ ಬಡವರಿಗೆ
ಹೋಮಿಯೋಪಥಿ ಔಷಧ ಕೊಡತೊಡಗಿದರು.

ಕುಷ್ಠ ಬಂದವರನ್ನು
ಮನೆಯವರೇ ಹೊರಗಟ್ಟುತ್ತಿದ್ದ ಕಾಲ.
ಹತ್ತಿರ ಹೋಗಲೂ ಜನ ಹೆದರುತ್ತಿದ್ದರು.
1890ರಲ್ಲಿ ಮುಲ್ಲರ್ ಆ ರೋಗಿಗಳಿಗೆಂದೇ ಆಶ್ರಯ ತೆರೆದರು.

ಆಗ ಪ್ಲೇಗ್ ಅಂದರೆ ಊರಿಗೆ ಊರೇ ಖಾಲಿ.
1902ರಲ್ಲಿ ಪ್ಲೇಗ್ ರೋಗಿಗಳಿಗೂ ಆಸ್ಪತ್ರೆ ಕಟ್ಟಿದರು.

1910ರಲ್ಲಿ ಮುಲ್ಲರ್ ತೀರಿಕೊಂಡರು.
ಅವರ ಸೇವೆಯಿಂದ ಬೆಳೆದ ಕಂಕನಾಡಿಯ ಆಸ್ಪತ್ರೆ
ಇಂದಿಗೂ ಅವರ ಹೆಸರಲ್ಲೇ ನಡೆಯುತ್ತಿದೆ.